ಕಣವೇಗವರ್ಧಕ ಯಂತ್ರ ಹಾಗೂ ಕ್ಯಾನ್ಸರ್ ವಿಕಿರಣ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಜೇವರ್ಗಿ ತಾಲ್ಲೂಕಿನ ಅಂದೋಲಾ ಹಾಗೂ ಸುತ್ತಲಿನ ಗ್ರಾಮಗಳಿಂದ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಕೋರುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ವಿಕಿರಣ ಚಿಕಿತ್ಸೆಯನ್ನು ರೂಢಿಯಲ್ಲಿ ‘ಕರೆಂಟ್ ಕೊಡುವುದು’ ಎನ್ನಲಾಗುತ್ತದೆ. ವಾಸ್ತವದಲ್ಲಿ ರೋಗಿಯ ಮೈಗೆ ವಿದ್ಯುತ್ ಹರಿಸುವುದಿಲ್ಲ.

1. ಕಣವೇಗವರ್ಧಕ ಎಂದರೇನು?
ಇಲೆಕ್ಟ್ರಾನ್, ಪ್ರೋಟಾನ್ ಮುಂತಾದ ವಿದ್ಯುದಾವಿಷ್ಟ ಕಣಗಳಿಗೆ ವಿದ್ಯುತ್ ಕ್ಷೇತ್ರದ ಮೂಲಕ ಅತಿ ಹೆಚ್ಚಿನ ವೇಗ ನೀಡುವ ಯಂತ್ರವೇ ಕಣವೇಗವರ್ಧಕ. ಕಣಗಳ ಪಥವನ್ನು ಅಯಸ್ಕಾಂತಗಳು ನಿಯಂತ್ರಿಸುತ್ತವೆ.

2. ವಿಜ್ಞಾನಿಗಳಿಗೆ ಇದರ ಉಪಯೋಗ
1932ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಅವರು ಇಂತಹ ಯಂತ್ರದಿಂದ ಲಿಥಿಯಂ ಪರಮಾಣುವಿನ ಬೀಜವನ್ನು ಒಡೆದರು. ಜಿನೀವಾ ಬಳಿಯ 27 ಕಿ.ಮೀ. ಸುತ್ತಳತೆಯ ಯಂತ್ರದಲ್ಲಿ 2012ರಲ್ಲಿ ಹಿಗ್ಸ್ ಬೋಸಾನ್ ಪತ್ತೆಯಾಯಿತು. ಭಾರತದಲ್ಲಿ ಕೋಲ್ಕತ್ತ ಮತ್ತು ಇಂದೋರ್‌ಗಳಲ್ಲಿ ದೊಡ್ಡ ವೇಗವರ್ಧಕಗಳಿವೆ. ಇಂದೋರ್ ಕೇಂದ್ರಕ್ಕೆ ತುಮಕೂರಿನಲ್ಲಿ ಜನಿಸಿದ ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ಹೆಸರನ್ನಿಡಲಾಗಿದೆ.

3. ಚಿಕಿತ್ಸೆಯಲ್ಲಿ ಬಳಕೆ
ಆಸ್ಪತ್ರೆಗಳಲ್ಲಿರುವ ‘ಲೀನಿಯರ್ ಆಕ್ಸಿಲರೇಟರ್’ ಇದೇ ತತ್ವದ ಚಿಕ್ಕ ಯಂತ್ರ. ಇದರಲ್ಲಿ ವೇಗ ಪಡೆದ ಇಲೆಕ್ಟ್ರಾನ್‌ಗಳು ಟಂಗ್‌ಸ್ಟನ್‌ನಂತಹ ಭಾರಲೋಹಕ್ಕೆ ಬಡಿದಾಗ ಪ್ರಬಲ ಕ್ಷ-ಕಿರಣಗಳು ಹೊಮ್ಮುತ್ತವೆ. ಅವುಗಳನ್ನು ಗಡ್ಡೆಯ ಆಕಾರಕ್ಕೆ ಹೊಂದಿಸಿ ಪ್ರಯೋಗಿಸಲಾಗುತ್ತದೆ. ಕೋಬಾಲ್ಟ್-60 ಯಂತ್ರದಲ್ಲಿ ವಿಕಿರಣಶೀಲ ವಸ್ತುವಿದ್ದು, ಅದರ ಶಕ್ತಿ ಸುಮಾರು 5 ವರ್ಷ 3 ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದೆ. ವೇಗವರ್ಧಕದಲ್ಲಿ ಅಂತಹ ವಸ್ತುವಿಲ್ಲ; ಯಂತ್ರ ನಿಲ್ಲಿಸಿದೊಡನೆ ಕಿರಣವೂ ನಿಲ್ಲುತ್ತದೆ.

4. ರೋಗಿಗಳು ಗಮನಿಸಬೇಕಾದ ಅಂಶಗಳು
- ಕಿರಣ ಬೀಳುವಾಗ ನೋವಾಗುವುದಿಲ್ಲ. ಕೊಠಡಿಯಲ್ಲಿ ರೋಗಿ ಒಬ್ಬರೇ ಇದ್ದರೂ ಸಿಬ್ಬಂದಿ ಕ್ಯಾಮೆರಾ ಮೂಲಕ ನೋಡುತ್ತಿರುತ್ತಾರೆ.
- ಹೊರಗಿನಿಂದ ಕಿರಣ ಪಡೆದವರ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ಅವರು ಮಕ್ಕಳನ್ನು ಎತ್ತಿಕೊಳ್ಳಬಹುದು, ಮನೆಯವರೊಡನೆ ಊಟ ಮಾಡಬಹುದು.
- ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ಚಿಕಿತ್ಸೆ ನಡೆಯುತ್ತದೆ. ಆಯಾಸ, ಚರ್ಮ ಕೆಂಪಾಗುವುದು ಕಂಡುಬರಬಹುದು. ವೈದ್ಯರ ಸಲಹೆಯಿಲ್ಲದೆ ಚಿಕಿತ್ಸೆಯನ್ನು ನಡುವೆ ಬಿಡಬಾರದು; ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಬಹುದು. ಬಿತ್ತನೆ, ರಾಶಿಯ ಕಾಲವಿದ್ದಲ್ಲಿ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.
- ಗರ್ಭಿಣಿಯರು ಕಡ್ಡಾಯವಾಗಿ ವೈದ್ಯರಿಗೆ ತಿಳಿಸತಕ್ಕದ್ದು.

5. ನೆರವು ಪಡೆಯುವ ವಿಧಾನ
2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ನೆರವು ಲಭ್ಯವಿದೆ. ಇತರೆ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷ ಮೀರದಂತೆ ನೀಡಲಾಗುತ್ತದೆ. ಅರ್ಜಿದಾರರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಿ, ರೆಫರಲ್ ಪತ್ರದ ಬಗ್ಗೆ ವಿಚಾರಿಸತಕ್ಕದ್ದು. ಕಲಬುರಗಿಯಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಕೇಂದ್ರವಿದ್ದು, ಪ್ರತಿ ಬಾರಿಯೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಯಾವ ಯಂತ್ರದಿಂದ, ಎಲ್ಲಿ ಚಿಕಿತ್ಸೆ ಎಂಬುದನ್ನು ತಜ್ಞ ವೈದ್ಯರು ನಿರ್ಧರಿಸುತ್ತಾರೆ.

ಸಾರ್ವಜನಿಕರು ಭಯದಿಂದ ಚಿಕಿತ್ಸೆಯನ್ನು ಮುಂದೂಡದೆ ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.