ಡ್ಯಾಮ್: ಗೋಡೆಯೂ ನೀರೂ ಊರೂ

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಆಡುಮಾತಿನಲ್ಲಿ ‘ಡ್ಯಾಮ್’ ಎಂಬುದು ಹೊರಗಿನ ಪದವಾಗಿ ಉಳಿದಿಲ್ಲ. ಘಟಪ್ರಭಾ ನದಿಗೆ ಹಿಡಕಲ್‌ನಲ್ಲಿ ಕಟ್ಟಿ 1977ರಲ್ಲಿ ಮುಗಿಸಿದ ಅಣೆಕಟ್ಟಿಗೆ ವಂಟಮುರಿಯ ಸರದೇಸಾಯಿಗಳೂ ಬೆಳಗಾವಿಯ ವಿದ್ಯಾಸಂಸ್ಥೆಗಳಿಗೆ ದೊಡ್ಡ ದಾನ ನೀಡಿದವರೂ ಆದ ರಾಜಾ ಲಖಮಗೌಡರ ಹೆಸರಿಡಲಾಗಿದೆಯಾದರೂ, ಜನರ ಬಾಯಲ್ಲಿ ಅದು ಇಂದಿಗೂ ಹಿಡಕಲ್ ಡ್ಯಾಮ್. ಅದರ ಪಕ್ಕದ ವಸತಿಗೂ ಅದೇ ಹೆಸರು. ಮಳೆಗಾಲದಲ್ಲಿ ‘ಡ್ಯಾಮ್ ತುಂಬೈತಿ’ ಎಂದರೆ ಆ ಪದ ನೀರನ್ನು ಸೂಚಿಸುತ್ತದೆ, ‘ಡ್ಯಾಮ್ ಮ್ಯಾಲ ಹತ್ತಬ್ಯಾಡ್ರಿ’ ಎಂದರೆ ಗೋಡೆಯನ್ನು, ‘ಡ್ಯಾಮಿಗೆ ಹೊಂಟೇವಿ’ ಎಂದರೆ ಊರನ್ನು. ಕೇಳುವವರು ಈ ಮೂರರಲ್ಲಿ ಒಂದನ್ನು ಸಂದರ್ಭದಿಂದಲೇ ಆರಿಸಿಕೊಳ್ಳುತ್ತಾರೆ.

ಈ ಹರವು ಕನ್ನಡಕ್ಕೆ ಬಂದ ಮೇಲಷ್ಟೇ ಹುಟ್ಟಿದ್ದಲ್ಲ. ‘ಡ್ಯಾಮ್’ ಡಚ್ಚರ ಮತ್ತು ಉತ್ತರ ಜರ್ಮನಿಯವರ ನುಡಿಗಳಿಗೂ ಇಂಗ್ಲಿಷಿಗೂ ಸಮಾನವಾದ ಹಳೆಯ ಪದ. ಆಮ್‌ಸ್ಟೆಲ್ ನದಿಯ ಒಡ್ಡಿನ ಬಳಿ ಬೆಳೆದ ಊರು ಆಮ್‌ಸ್ಟರ್‌ಡ್ಯಾಮ್ ಆದದ್ದೂ, ರೊಟ್ಟೆ ನದಿಯ ಒಡ್ಡಿನ ಬಳಿಯದು ರೊಟರ್‌ಡ್ಯಾಮ್ ಆದದ್ದೂ ಆ ಪದದಿಂದಲೇ. ಒಡ್ಡಿನ ಹೆಸರು ಊರಿಗೆ ಅಂಟಿಕೊಳ್ಳುವುದು ಹಿಡಕಲ್‌ಗಿಂತ ಬಹಳ ಹಿಂದಿನಿಂದ ನಡೆದುಬಂದಿದೆಯೆಂದು ಇದರಿಂದ ತಿಳಿಯುತ್ತದೆ. ಬ್ರಿಟನ್ನಿನ ಇಂಗ್ಲಿಷಿನಲ್ಲಿ ಈ ಪದ ಮುಖ್ಯವಾಗಿ ಗೋಡೆಗೆ ಸಲ್ಲುತ್ತದೆ, ನಿಂತ ನೀರಿಗೆ ಬೇರೆ ಪದವಿದೆ. ಆದರೆ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳ ಇಂಗ್ಲಿಷಿನಲ್ಲಿ ರೈತರು ಹೊಲದಂಚಿನ ನೀರಿನ ಹೊಂಡವನ್ನೂ ಡ್ಯಾಮ್ ಎಂದೇ ಕರೆಯುತ್ತಾರೆ. ತಡೆದ ವಸ್ತುವಿನ ಹೆಸರು ತಡೆಯಲ್ಪಟ್ಟದ್ದಕ್ಕೆ ಹರಿಯುವ ಈ ಬಗೆಯನ್ನು ಅಲಂಕಾರಶಾಸ್ತ್ರ ಲಕ್ಷಣೆ ಎನ್ನುತ್ತದೆ, ಅಂದರೆ ನೇರ ಅರ್ಥ ಹೊಂದದ ಕಡೆ ಅದಕ್ಕೆ ಸಂಬಂಧಿಸಿದ ಇನ್ನೊಂದು ಅರ್ಥವನ್ನು ಹಿಡಿಯುವುದು. ಆದ್ದರಿಂದ ‘ಡ್ಯಾಮ್ ತುಂಬೈತಿ’ ಎಂಬ ಮಾತನ್ನು ತಪ್ಪೆನ್ನಲಾಗದು.

ಈ ಒಂದು ಪದಕ್ಕೆ ಸ್ಪ್ಯಾನಿಷಿನಲ್ಲಿ ಸಮಾನವಾದುದನ್ನು ಹುಡುಕಿದರೆ ಹಲವು ಪದಗಳು ಎದುರಾಗುತ್ತವೆ. ಗೋಡೆಗೆ ಇರುವ ಸಾಮಾನ್ಯ ಪದ ‘ಪ್ರೆಸಾ’. ಅದರ ಮೂಲ, ಹಿಡಿಯುವುದು ಎಂಬರ್ಥದ ಲ್ಯಾಟಿನ್ ಧಾತು. ಬೇಟೆಗೆ ಸಿಕ್ಕ ಪ್ರಾಣಿಯೂ ಪ್ರೆಸಾ, ಸೆರೆಯಲ್ಲಿರುವ ಹೆಂಗಸೂ ಪ್ರೆಸಾ, ಹದ್ದು ಗಿಡುಗಗಳಂಥ ಬೇಟೆಹಕ್ಕಿಯೂ ‘ಪ್ರೆಸಾದ ಹಕ್ಕಿ’. ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ‘ರೆಪ್ರೆಸಾ’ ಎಂಬ ರೂಪ ಬಳಕೆಯಲ್ಲಿದ್ದು, ಪರಾಗ್ವೆ ಮತ್ತು ಬ್ರೆಜಿಲ್‌ಗಳ ಗಡಿಯ ಇಟೈಪು ಅಣೆಕಟ್ಟು ಅಲ್ಲಿಯವರಿಗೆ ರೆಪ್ರೆಸಾ. ಅರ್ಜೆಂಟೀನದಲ್ಲಿ ಡಚ್ಚರ ಒಡ್ಡಿನ ಪದದಿಂದ ಬಂದ ‘ದಿಕೆ’ ಕೂಡ ರೂಢಿಯಲ್ಲಿದೆ. ಹಿಡಕಲ್‌ಗೆ ಹತ್ತಿರದ ಮರಾಠಿಯಲ್ಲೂ ಅಣೆಕಟ್ಟಿಗೆ ‘ಧರಣ’ ಎನ್ನುತ್ತಾರೆ. ಅದೂ ಹಿಡಿ, ಧರಿಸು ಎಂಬರ್ಥದ ಧಾತುವಿನಿಂದಲೇ ಬಂದದ್ದು. ಒಂದಕ್ಕೊಂದು ಸಂಪರ್ಕವಿಲ್ಲದೆ ಎರಡು ನುಡಿಗಳು ನೀರನ್ನು ಹಿಡಿಯುವ ಕೆಲಸವನ್ನೇ ಹೆಸರಾಗಿಸಿಕೊಂಡಿವೆ.

ಹಿಡಿದಿಟ್ಟ ನೀರಿಗೆ ಸ್ಪ್ಯಾನಿಷಿನ ಬರಹದ ಪದ ‘ಎಂಬಾಲ್ಸೆ’, ಕನ್ನಡದ ಜಲಾಶಯಕ್ಕೆ ಸಮ. ಸ್ಪೇನಿನ ಜನ ಮಾತಿನಲ್ಲಿ ಹೆಚ್ಚಾಗಿ ಬಳಸುವುದು ‘ಪಾಂತಾನೊ’. ಅದರ ಮೊದಲ ಅರ್ಥ ಜೌಗು ನೆಲ. ಅಲಿಕಾಂತೆ ಪ್ರಾಂತದಲ್ಲಿ 1594ರಲ್ಲಿ ಮುಗಿದ ತೀಬಿ ಅಣೆಕಟ್ಟನ್ನು ಇಂದಿಗೂ ತೀಬಿಯ ಪಾಂತಾನೊ ಎನ್ನುತ್ತಾರೆ. ಮೆಕ್ಸಿಕೊದಲ್ಲಾದರೋ ಪ್ರೆಸಾ ಎಂದರೆ ಗೋಡೆಯೂ ಹೌದು, ನೀರೂ ಹೌದು. ಜೌಗು ಮತ್ತು ಜಲಾಶಯಗಳಿಗೆ ಒಂದೇ ಹೆಸರು ಸಲ್ಲುವುದಕ್ಕೆ ಘಟಪ್ರಭೆಯ ಮೇಲೆಯೇ ನಿದರ್ಶನವಿದೆ: ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ ತಡೆದ ನೀರು ಆಳವಿಲ್ಲದೆ ಹರಡಿ, ನಡುಗಡ್ಡೆಗಳನ್ನೂ ಕೆಸರಿನ ದಡಗಳನ್ನೂ ಉಳಿಸಿದ್ದರಿಂದ, ಯುರೋಪಿನ ಬಿಳಿ ಕೊಕ್ಕರೆಯಂಥ ವಲಸೆ ಹಕ್ಕಿಗಳು ಬರುವ ತಾಣವಾಗಿ, 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿತವಾಯಿತು. ಹಿಡಕಲ್‌ನ ನೀರು ಬೇರೆ ಬಗೆಯದು. ಸುಮಾರು 51 ಟಿಎಂಸಿ, ಅಂದರೆ ಒಂದು ಟಿಎಂಸಿಗೆ ಸುಮಾರು 2,832 ಕೋಟಿ ಲೀಟರಿನಂತೆ ಐವತ್ತೊಂದು ಪಾಲು, ಹಿಡಿಯುವ ಆ ಆಳದಲ್ಲಿ ಹಳ್ಳಿಗಳು ಮುಳುಗಿದವು, ಬಿರುಬೇಸಿಗೆಯಲ್ಲಿ ನೀರು ತೀರ ಇಳಿದಾಗ ಹುನ್ನೂರಿನ ವಿಠ್ಠಲ ದೇವಾಲಯ ಹೊರಗೆ ಕಾಣುತ್ತದೆ. ಮುಳುಗಿದ ನೆಲದ ಮೇಲಿನ ಈ ನೀರಿಗೆ ಕನ್ನಡದಲ್ಲಿ ‘ಹಿನ್ನೀರು’ ಎಂಬ ಖಚಿತವಾದ ಪದವಿದೆ. ‘ಡ್ಯಾಮ್’ ಎಂದಷ್ಟೇ ಹೇಳಿದಾಗ ಊರು ಬಿಟ್ಟವರ ಈ ಭಾಗ ಮರೆಗೆ ಸರಿಯುತ್ತದೆ.

ಸ್ಪ್ಯಾನಿಷಿನ ಇನ್ನೊಂದು ಪದ ‘ಅಸೂದ್’, ತಡೆ ಎಂಬರ್ಥದ ಅರಬಿ ‘ಸುದ್ದ್’ನಿಂದ ಬಂದದ್ದು. ನೀರನ್ನು ಕೂಡಿಡದೆ, ಹೊಳೆಯ ಮಟ್ಟವನ್ನು ತುಸು ಏರಿಸಿ ಕಾಲುವೆಗೆ ತಿರುಗಿಸುವ ತಗ್ಗಾದ ಅಡ್ಡಗಟ್ಟೆ ಅದು. ಆ ಕಾಲುವೆಯ ಹೆಸರು ‘ಅಸೆಕಿಯಾ’, ಅದೂ ಅರಬಿಯದೇ. ವಲೆನ್ಸಿಯದಲ್ಲಿ ತೂರಿಯಾ ನದಿಯ ಕಾಲುವೆಗಳ ರೈತಪ್ರತಿನಿಧಿಗಳು ಪ್ರತಿ ಗುರುವಾರ ಸೇರಿ ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲೇ ತೀರಿಸುವ ನ್ಯಾಯಮಂಡಳಿಯನ್ನು ಯುನೆಸ್ಕೊ 2009ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಘಟಪ್ರಭೆಯ ಅಸೂದ್ ಯಾವುದೆಂದರೆ 1897ರಲ್ಲಿ ಮುಗಿದ ಧುಪದಾಳದ ಅಡ್ಡಗಟ್ಟೆ. ಮೂಡಲಗಿಯ ಕಡೆ ನೀರೊಯ್ಯುವ ಎಡದಂಡೆ ಕಾಲುವೆ ಹೊರಡುವುದು ಅಲ್ಲಿಂದ. ಬಲದಂಡೆ ಕಾಲುವೆ ಮಾತ್ರ ನೇರವಾಗಿ ಹಿಡಕಲ್‌ನಿಂದ ಹೊರಡುತ್ತದೆ. ಹಿಡಕಲ್‌ನ ಅಣೆಕಟ್ಟು ನೀರನ್ನು ಕೂಡಿಡುತ್ತದೆ, ಧುಪದಾಳದ ಅಡ್ಡಗಟ್ಟೆ ತಿರುಗಿಸುತ್ತದೆ. ಎರಡನ್ನೂ ಡ್ಯಾಮ್ ಎಂದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಕನ್ನಡದಲ್ಲಿ ಇಂಥ ವಿವರಗಳಿಗೆ ಪದಗಳ ಕೊರತೆಯಿಲ್ಲ. ನೀರಿಗೆ ಅಡ್ಡವಾಗಿ ನಿಲ್ಲುವುದು ಅಣೆ, ಅದನ್ನು ಕಟ್ಟಿದಾಗ ಅಣೆಕಟ್ಟು. ಇದರ ತಮಿಳು ರೂಪವನ್ನೇ ಬ್ರಿಟಿಷ್ ಎಂಜಿನಿಯರುಗಳು ‘ಆನಿಕಟ್’ ಎಂದು ಇಂಗ್ಲಿಷಿಗೆ ಒಯ್ದರು. ಹಳೆಯ ಮೈಸೂರಿನವರಿಗೆ ಕೃಷ್ಣರಾಜಸಾಗರ ಇಂದಿಗೂ ಕನ್ನಂಬಾಡಿ ಕಟ್ಟೆ. ಕಾಸರಗೋಡಿನ ಕನ್ನಡ ರೈತರು ಮಳೆ ಕಳೆದ ಮೇಲೆ ತೊರೆಗೆ ಅಡ್ಡಲಾಗಿ ಹಾಕುವ ಋತುಮಾನದ ತಡೆ ‘ಕಟ್ಟ’. ಬೆಳಗಾವಿ ಸೀಮೆಯಲ್ಲಿ ಹೊಲದ ಮಣ್ಣು ಕೊಚ್ಚದಂತೆ ಹಾಕುವುದು ‘ಒಡ್ಡು’. ಹೊಳೆಗೆ ಅಡ್ಡಲಾಗಿ ಕಟ್ಟಿ, ಬೇಕಾದಾಗ ಹಲಗೆಯಿಟ್ಟು ನೀರು ನಿಲ್ಲಿಸುವುದು ಮರಾಠಿಯಿಂದ ಬಂದ ‘ಬಾಂದಾರ’.

ಈ ವಿಂಗಡಣೆ ಪಂಡಿತರಿಗಷ್ಟೇ ಸೇರಿದ್ದಲ್ಲವೆಂಬುದನ್ನು 2019ರ ಆಗಸ್ಟ್‌ನ ಪ್ರವಾಹ ತೋರಿಸಿತು. ಗೋಕಾಕಕ್ಕೆ ನುಗ್ಗಿ ಲೋಳಸೂರ ಸೇತುವೆಯನ್ನು ಮುಳುಗಿಸಿದ ನೀರಿನಲ್ಲಿ ಹಿಡಕಲ್‌ನಿಂದ ಬಿಟ್ಟದ್ದರ ಜೊತೆಗೆ, ಹಿಡಕಲ್‌ನ ಕೆಳಗೆ ಘಟಪ್ರಭೆಗೆ ಕೂಡುವ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರಿತ್ತು. ಈ ಎರಡನ್ನು ಹಿಡಕಲ್‌ನ ಗೇಟುಗಳು ಹಿಡಿಯಲಾರವು. ‘ಡ್ಯಾಮ್ ನೀರು ಬಂತು’ ಎಂಬ ಒಂದೇ ಮಾತಿನಿಂದ ಎಷ್ಟು ನೀರು ಎಲ್ಲಿಂದ, ಯಾವಾಗ ಬರುತ್ತದೆಂದು ಹೊಳೆದಂಡೆಯ ಮನೆಯವರಿಗೆ ತಿಳಿಯುವುದಿಲ್ಲ. ಡ್ಯಾಮ್ ಎಂಬ ಪದ ಜನರ ಮಾತಿನಲ್ಲಿ ತನ್ನ ಮೂರು ಅರ್ಥಗಳೊಡನೆ ಬಾಳಲಿ, ಅದು ಆ ಸೀಮೆಯ ಸ್ವಂತದ್ದಾಗಿದೆ. ಆದರೆ ಪ್ರವಾಹದ ಮುನ್ಸೂಚನೆ, ಕಾಲುವೆಯ ಸರದಿಯ ಪ್ರಕಟಣೆ ಮತ್ತು ಶಾಲೆಯ ಪಾಠಗಳಲ್ಲಿ ಅಣೆಕಟ್ಟು, ಜಲಾಶಯ, ಹಿನ್ನೀರು, ಅಡ್ಡಗಟ್ಟೆ, ಬಾಂದಾರಗಳು ತಂತಮ್ಮ ಅರ್ಥದಲ್ಲೇ ಬಳಕೆಯಾಗಬೇಕು, ಏಕೆಂದರೆ ಆ ಪ್ರಕಟಣೆಗಳನ್ನು ನಂಬಿ ಬಿತ್ತುವವರೂ ಮನೆ ಖಾಲಿ ಮಾಡುವವರೂ ಅದೇ ಹೊಳೆಯ ದಂಡೆಯಲ್ಲಿ ಬದುಕುವ ಜನ.