ಸಣ್ಣ ಉದ್ದಿಮೆಗಳ ಅಂತರ್ಜಾಲ ತಾಣ: ಶೋಧಯಂತ್ರ ಸುಧಾರಣೆಯ ಫಲಿತಾಂಶವನ್ನು ಅಳೆಯುವ ವಿಧಾನ

ಗೂಗಲ್ ಮೊದಲಾದ ಶೋಧಯಂತ್ರಗಳಲ್ಲಿ ಉದ್ದಿಮೆಯ ತಾಣವು ಗ್ರಾಹಕರಿಗೆ ಸುಲಭವಾಗಿ ದೊರೆಯುವಂತೆ ಮಾಡುವ ಕಾರ್ಯವೇ ಶೋಧಯಂತ್ರ ಸುಧಾರಣೆ (ಎಸ್‌ಇಒ). ಇದಕ್ಕಾಗಿ ವ್ಯಯಿಸಿದ ಹಣವು ಫಲ ನೀಡಿದೆಯೇ ಎಂಬುದನ್ನು ಉದ್ದಿಮೆದಾರರು ಈ ಕೆಳಕಂಡಂತೆ ಪರಿಶೀಲಿಸಬಹುದಾಗಿದೆ.

1. ಉಚಿತ ಸೌಲಭ್ಯವಾದ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ, ತಾಣವು ಎಷ್ಟು ಬಾರಿ ಕಾಣಿಸಿಕೊಂಡಿತು, ಎಷ್ಟು ಕ್ಲಿಕ್ ದೊರೆಯಿತು ಹಾಗೂ ಸರಾಸರಿ ಸ್ಥಾನವೆಷ್ಟು ಎಂಬ ವಿವರಗಳು 16 ತಿಂಗಳವರೆಗೆ ಲಭ್ಯವಿರುತ್ತವೆ. 1,000 ಬಾರಿ ಕಾಣಿಸಿಕೊಂಡು 30 ಕ್ಲಿಕ್ ದೊರೆತಲ್ಲಿ ಪ್ರಮಾಣವು ಶೇ. 3 ಆಗುತ್ತದೆ.

2. ಅಂಗಡಿಯ ಹೆಸರನ್ನೇ ಹುಡುಕಿ ಬಂದವರು ಬಹುತೇಕ ಪರಿಚಿತರು. ‘ಚನ್ನಪಟ್ಟಣದ ಮರದ ಆಟಿಕೆ’ ಎಂಬಂತೆ ಸರಕಿನ ಹೆಸರಿನಿಂದ ಬಂದವರನ್ನು ಪ್ರತ್ಯೇಕವಾಗಿ ಎಣಿಸತಕ್ಕದ್ದು.

3. ಹಬ್ಬದ ಕಾಲದ ಅಂಕಿಅಂಶಗಳನ್ನು ಹಿಂದಿನ ತಿಂಗಳಿನೊಂದಿಗಲ್ಲದೆ, ಹಿಂದಿನ ವರ್ಷದ ಅದೇ ಹಬ್ಬದ ಅಂಕಿಅಂಶಗಳೊಂದಿಗೆ ಹೋಲಿಸತಕ್ಕದ್ದು.

4. ಒಟ್ಟು ವೆಚ್ಚವನ್ನು ಶೋಧಯಂತ್ರದ ಮೂಲಕ ಬಂದ ಹೊಸ ಗ್ರಾಹಕರ ಸಂಖ್ಯೆಯಿಂದ ಭಾಗಿಸತಕ್ಕದ್ದು. ಬಂದ ಮೊತ್ತವು ಪ್ರತಿ ಗ್ರಾಹಕರಿಂದ ದೊರೆಯುವ ಲಾಭಕ್ಕಿಂತ ಕಡಿಮೆಯಿದ್ದಲ್ಲಿ ಮಾತ್ರ ಕಾರ್ಯವು ಫಲಪ್ರದವೆನ್ನಬಹುದು.

ಸೂಚನೆ: ಫಲಿತಾಂಶ ಕಂಡುಬರಲು ಹಲವು ತಿಂಗಳುಗಳು ಬೇಕಾಗುತ್ತವೆ. ಪ್ರಥಮ ಸ್ಥಾನದ ಖಾತರಿಯನ್ನು ಯಾರೂ ನೀಡಲಾರರು. ಗುತ್ತಿಗೆ ಮುಗಿದ ನಂತರವೂ ವಿವರಗಳು ಕೈತಪ್ಪದಂತೆ, ಖಾತೆಯು ಉದ್ದಿಮೆದಾರರ ಹೆಸರಿನಲ್ಲಿಯೇ ಇರತಕ್ಕದ್ದು.