ಸೌರ ವಿದ್ಯುತ್ ಸಹಕಾರ ಸಂಘಗಳು

ಸದಸ್ಯರು ಒಟ್ಟುಗೂಡಿ ಸೌರ ವಿದ್ಯುತ್ ಉತ್ಪಾದಿಸಿ, ಸ್ವಂತ ಬಳಕೆಯ ನಂತರ ಉಳಿದುದನ್ನು ವಿದ್ಯುತ್ ಸರಬರಾಜು ಕಂಪನಿಗೆ ಮಾರುವ ಸಂಘವೇ ಸೌರ ವಿದ್ಯುತ್ ಸಹಕಾರ ಸಂಘ.

ನಿದರ್ಶನ:
ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ, ಡೀಸೆಲ್ ಪಂಪುಗಳನ್ನು ಅವಲಂಬಿಸಿದ್ದ 6 ಮಂದಿ ರೈತರು ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ನೆರವಿನಿಂದ ಇಂತಹ ಸಂಘವನ್ನು ರಚಿಸಿಕೊಂಡರು. 2016ರಲ್ಲಿ ಕಾರ್ಯಾರಂಭ ಮಾಡಿದ ಈ ಸಂಘವು ಮಧ್ಯ ಗುಜರಾತ್ ವಿಜ್ ಕಂಪನಿಯೊಂದಿಗೆ ಪ್ರತಿ ಯೂನಿಟ್‌ಗೆ ರೂ. 4.63ರ ದರದಲ್ಲಿ 25 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಇದಕ್ಕೆ ಪ್ರತಿಯಾಗಿ ಸದಸ್ಯರು ರಿಯಾಯಿತಿ ದರದ ಕೃಷಿ ವಿದ್ಯುತ್ ಸಂಪರ್ಕ ಕೋರುವ ಹಕ್ಕನ್ನು ಬಿಟ್ಟುಕೊಟ್ಟರು. ಮಿಗುವ ವಿದ್ಯುತ್ತಿಗೆ ಬೆಲೆ ದೊರೆಯುವುದರಿಂದ ಅಂತರ್ಜಲವನ್ನು ಮಿತವಾಗಿ ಬಳಸಲು ಉತ್ತೇಜನ ದೊರೆಯುತ್ತದೆ. ಇವರ ಅನುಭವ ಕಂಡು ಗ್ರಾಮದ ಇತರ ರೈತರೂ ತಮ್ಮ ವಂತಿಗೆ ನೀಡಿ ಸದಸ್ಯರಾದರು.

ನೋಂದಣಿ:
ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಅನ್ವಯ, ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಕನಿಷ್ಠ 10 ಮಂದಿ, ಉದ್ದೇಶಿತ ಬೈಲಾದೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು.

ಗಮನಿಸಬೇಕಾದ ಅಂಶ:
ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಸೌಲಭ್ಯವಿದೆ. ಆದುದರಿಂದ ಉಪಕರಣ ಖರೀದಿಗೆ ಮುನ್ನ ಒಪ್ಪಂದದ ದರ, ಅವಧಿ ಹಾಗೂ ಬಿಟ್ಟುಕೊಡಬೇಕಾಗಬಹುದಾದ ಸೌಲಭ್ಯಗಳನ್ನು ಸರ್ವ ಸದಸ್ಯರ ಸಭೆಯಲ್ಲಿ ಓದಿ ತಿಳಿಸುವುದು ಸೂಕ್ತ.